ಗಣಕಯಂತ್ರದ ಲಾಗ್‌ನಲ್ಲಿ ಅಪರಿಚಿತ ಬ್ಲೂಟೂತ್ ನಮೂದು: ಗುರುತು ಹಿಡಿಯುವ ಬಗೆ

ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿಗೆ ವ್ಯಾಪಾರಸ್ಥರು ಗೋದಾಮಿನ ದಾಸ್ತಾನು ಎಣಿಸುತ್ತಾರೆ, ಬ್ಯಾಂಕಿನ ಲೆಕ್ಕವನ್ನು ತಾಳೆ ನೋಡುತ್ತಾರೆ, ಉದ್ರಿ ಬಾಕಿದಾರರ ಪಟ್ಟಿ ತೆಗೆಯುತ್ತಾರೆ. ಆದರೆ ಈ ಎಲ್ಲ ಲೆಕ್ಕವನ್ನೂ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಗಣಕಯಂತ್ರಕ್ಕೆ ವರ್ಷವಿಡೀ ಯಾವ ಯಾವ ಉಪಕರಣಗಳು ಜೋಡಣೆಯಾದವು ಎಂಬುದನ್ನು ತಾಳೆ ನೋಡುವ ರೂಢಿ ನಮ್ಮ ಪೇಟೆಗಳಲ್ಲಿ ಇನ್ನೂ ಬಂದಿಲ್ಲ. ತಂತಿಯ ಮೂಲಕ ಜೋಡಿಸಿದ್ದು ಕಣ್ಣಿಗೆ ಕಾಣುತ್ತದೆ. ಬ್ಲೂಟೂತ್ ಮೂಲಕ ಜೋಡಿಸಿದ್ದು ಕಾಣುವುದಿಲ್ಲ. ಅದು ಕಾಣುವುದು ಯಂತ್ರವು ತಾನೇ ಬರೆದುಕೊಳ್ಳುವ ಲಾಗ್‌ನಲ್ಲಿ ಮಾತ್ರ.

ರೋಣ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಹೊಳೆಮಣ್ಣೂರಿನಲ್ಲಿ ಒಂದು ಕಾಳುಕಡಿ ಖರೀದಿಯ ಅಂಗಡಿ ಇದೆಯೆಂದು ಪಾಠದ ಅನುಕೂಲಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅಂಗಡಿಯೂ ಅದರೊಳಗಿನ ಜನರೂ ಕಲ್ಪಿತ. ಅಲ್ಲಿ ಸಿಗುವ ನಮೂದುಗಳು ಮಾತ್ರ ಯಾವ ಅಂಗಡಿಯಲ್ಲಾದರೂ ಸಿಗುವಂಥವು. ಹೆಸರು, ಕಡಲೆ, ಸೂರ್ಯಕಾಂತಿ ಕೊಂಡು ಹೊರಗಿನ ಮಿಲ್ಲುಗಳಿಗೆ ಕಳಿಸುವ ಪಾಲುದಾರಿಕೆ ಸಂಸ್ಥೆ ಅದು. 2022ರ ಜೂನ್ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕೊಂಡು ತಂದ, ಒಮ್ಮೆ ಬೇರೆಯವರು ಬಳಸಿದ ಲ್ಯಾಪ್‌ಟಾಪ್ ಒಂದರಲ್ಲಿ ಲೆಕ್ಕ ನಡೆಯುತ್ತದೆ. ಲೆಕ್ಕ ಬರೆಯುವವರು 18 ವರ್ಷಗಳಿಂದ ಅದೇ ಗಾದಿಯ ಮೇಲೆ ಕುಳಿತ ಗುಮಾಸ್ತರು. 2025ರ ಮಾರ್ಚ್ ಕೊನೆಯ ವಾರ ಮಾಲೀಕರ ಮಗಳು ಬ್ಲೂಟೂತ್ ಪಟ್ಟಿಯನ್ನು ತೆರೆದಾಗ ಏಳು ಹೆಸರುಗಳು ಕಂಡವು. ಬಿಲ್ ಮುದ್ರಿಸುವ ಚಿಕ್ಕ ಥರ್ಮಲ್ ಪ್ರಿಂಟರ್, ಮೌಸ್, ಮಾಲೀಕರ ಫೋನ್, ತನ್ನದೇ ಇಯರ್‌ಫೋನ್, ಈ ನಾಲ್ಕು ಆಕೆಗೆ ಗೊತ್ತಿದ್ದವು. ಉಳಿದ ಮೂರು ಗೊತ್ತಿರಲಿಲ್ಲ: ಒಂದರ ಹೆಸರು 'ಎಚ್‌ಸಿ-05', ಇನ್ನೊಂದರದು 'ರೆಡ್ಮಿ', ಮೂರನೆಯದು ಬರೀ 'ಬ್ಲೂಟೂತ್ ಕೀಬೋರ್ಡ್'. ಗುಮಾಸ್ತರ ಕಿಸೆಯಲ್ಲಿದ್ದದ್ದು ರೆಡ್ಮಿ ಫೋನ್. "ಸಾವ್ಕಾರ್ರ, ನಾ ಇದಕ್ಕ ಎಂದೂ ಜೋಡ್ಸಿಲ್ರಿ" ಎಂದು ಅವರು ಹೇಳಿದರೂ ಮಾಲೀಕರು ಆ ದಿನ ಅವರೊಡನೆ ಮತ್ತೆ ಮಾತಾಡಲಿಲ್ಲ.

ಮಾಲೀಕರ ಅಂಜಿಕೆಗೆ ಕಾರಣವಿಲ್ಲದಿಲ್ಲ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಅಕ್ರಮ ಹೊರಬಿದ್ದು, 2022ರ ಏಪ್ರಿಲ್ 29ರಂದು ರಾಜ್ಯ ಸರ್ಕಾರವು ಮರುಪರೀಕ್ಷೆಯನ್ನು ಘೋಷಿಸಿದ ಮೇಲೆ 'ಬ್ಲೂಟೂತ್' ಎಂಬ ಪದ ಕನ್ನಡ ನಾಡಿನಲ್ಲಿ ಮೋಸದ ಇನ್ನೊಂದು ಹೆಸರಾಯಿತು. 2023ರ ಅಕ್ಟೋಬರ್ 28ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ ಕಲಬುರಗಿ ಮತ್ತು ಯಾದಗಿರಿಯ ಕೇಂದ್ರಗಳಲ್ಲಿ ಅದೇ ಉಪಕರಣ ಮತ್ತೆ ಸಿಕ್ಕಿತು. ಪರೀಕ್ಷೆಯ ಕೋಣೆಯಲ್ಲಿ ಬ್ಲೂಟೂತ್ ಸಿಕ್ಕರೆ ಅದು ಅಪರಾಧವೇ ಸರಿ. ಆದರೆ ಅಂಗಡಿಯ ಗಣಕಯಂತ್ರದಲ್ಲಿ ಸಿಕ್ಕ ಹೆಸರು ಅಪರಾಧವಲ್ಲ, ಅದೊಂದು ನಮೂದು ಮಾತ್ರ. ವಿವರ ಗೊತ್ತಿಲ್ಲದ ಜಮೆಯನ್ನು ಲೆಕ್ಕಿಗರು ಯಾರ ಹೆಸರಿಗೂ ಹಾಕುವುದಿಲ್ಲ, ಕಿರ್ದಿಯಿಂದ ತೆಗೆದೂ ಹಾಕುವುದಿಲ್ಲ. ಅನಾಮತ್ತು ಖಾತೆಯಲ್ಲಿಟ್ಟು ಪುರಾವೆ ಹುಡುಕುತ್ತಾರೆ. ಇಲ್ಲಿಯೂ ಮಾಡತಕ್ಕದ್ದು ಅದನ್ನೇ.

ಹೆಸರು ನಂಬತಕ್ಕದ್ದಲ್ಲ

ಬ್ಲೂಟೂತ್ ಎಂಬುದು ಸುಮಾರು ಹತ್ತು ಮೀಟರ್ ಅಂತರದಲ್ಲಿ, ಕೆಲವು ಬಲವಾದ ಉಪಕರಣಗಳಲ್ಲಿ ನೂರು ಮೀಟರ್‌ವರೆಗೂ, ತಂತಿಯಿಲ್ಲದೆ ಮಾಹಿತಿ ಸಾಗಿಸುವ ರೇಡಿಯೋ ವ್ಯವಸ್ಥೆ. ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೋಶಿಬಾ ಕಂಪನಿಗಳು 1998ರಲ್ಲಿ ಕೂಡಿ ಇದಕ್ಕೊಂದು ಒಕ್ಕೂಟ ಕಟ್ಟಿದವು. ಡೆನ್ಮಾರ್ಕಿನ ಹತ್ತನೆಯ ಶತಮಾನದ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರನ್ನು ಇದಕ್ಕೆ ಇಟ್ಟದ್ದು, ಅವನು ಚದುರಿದ ಪಂಗಡಗಳನ್ನು ಒಂದುಗೂಡಿಸಿದನೆಂಬ ಕಾರಣಕ್ಕೆ. ಪೇಟೆಯ ಸಾಲಿನಲ್ಲಿ ಒಂದಕ್ಕೊಂದು ಗೋಡೆ ಹಂಚಿಕೊಂಡ ಅಂಗಡಿಗಳಿಗೆ ಹತ್ತು ಮೀಟರ್ ಎಂದರೆ ಆಚೆಯ ಅಂಗಡಿಯ ಗಲ್ಲೆಯವರೆಗಿನ ದೂರ ಎಂಬುದನ್ನು ನೆನಪಿಡಬೇಕು.

ಪ್ರತಿಯೊಂದು ಬ್ಲೂಟೂತ್ ಉಪಕರಣಕ್ಕೂ ಎರಡು ಗುರುತುಗಳು ಇರುತ್ತವೆ. ಒಂದು ಹೆಸರು, ಇನ್ನೊಂದು ವಿಳಾಸ ಸಂಖ್ಯೆ. ಹೆಸರನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬದಲಾಯಿಸಬಹುದು; ಒಂದೇ ಮಾದರಿಯ ಸಾವಿರಾರು ಫೋನುಗಳು ಕಾರ್ಖಾನೆಯಿಂದ ಹೊರಬರುವಾಗ ಒಂದೇ ಹೆಸರು ಹೊತ್ತಿರುತ್ತವೆ. 'ರೆಡ್ಮಿ' ಎಂಬ ಹೆಸರಿನ ಮೇಲೆ ಗುಮಾಸ್ತರನ್ನು ಹಿಡಿಯುವುದು, 'ಬಸಪ್ಪ' ಎಂಬ ಹೆಸರಿನ ಮೇಲೆ ಊರಿನ ಯಾರೋ ಒಬ್ಬ ಬಸಪ್ಪನಿಂದ ಉದ್ರಿ ವಸೂಲು ಮಾಡಲು ಹೊರಟಂತೆ. ವಿಳಾಸ ಸಂಖ್ಯೆ ಹಾಗಲ್ಲ. ಅದು ಎರಡೆರಡರಂತೆ ಆರು ಜೋಡಿ, ಒಟ್ಟು 12 ಸ್ಥಾನಗಳ ಸಂಖ್ಯೆ. 0ಯಿಂದ 9ರವರೆಗಿನ ಅಂಕಿಗಳೂ ಎ ಯಿಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳೂ ಅದರಲ್ಲಿ ಬರುತ್ತವೆ.

ಜಿಎಸ್‌ಟಿ ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕಿ 29 ಇದ್ದರೆ ಅದು ಕರ್ನಾಟಕದ್ದೆಂದು ಯಾವ ವರ್ತಕರಾದರೂ ಹೇಳುತ್ತಾರೆ. ಅದೇ ಬಗೆಯಲ್ಲಿ ಬ್ಲೂಟೂತ್ ವಿಳಾಸದ ಮೊದಲ ಮೂರು ಜೋಡಿಗಳು ತಯಾರಕರ ಗುರುತು. ಐಟ್ರಿಪಲ್‌ಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಗುರುತುಗಳನ್ನು ಕಂಪನಿಗಳಿಗೆ ಹಂಚುತ್ತದೆ, ಹಂಚಿದ ಪಟ್ಟಿಯನ್ನು ಅಂತರಜಾಲದಲ್ಲಿ ಯಾರಾದರೂ ಉಚಿತವಾಗಿ ಹುಡುಕಬಹುದು. ಆದರೆ ಅಲ್ಲಿ ಸಿಗುವ ಹೆಸರು ಅನೇಕ ವೇಳೆ ಡಬ್ಬಿಯ ಮೇಲಿನ ಹೆಸರಾಗಿರದೆ ಒಳಗಿನ ಬಿಡಿಭಾಗ ಮಾಡಿದವರ ಹೆಸರಾಗಿರುತ್ತದೆ. ಅಗ್ಗದ ಮಾಲಿನಲ್ಲಿ ನೋಂದಣಿಯೇ ಇಲ್ಲದ ಸಂಖ್ಯೆಗಳೂ ಬರುತ್ತವೆ. ಪಟ್ಟಿಯಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಕಳ್ಳ ಉಪಕರಣವೆಂದು ತೀರ್ಮಾನಿಸಬಾರದು.

ಇನ್ನೊಂದು ತೊಡಕು ಉಂಟು. 2010ರಲ್ಲಿ ಬಂದ ಬ್ಲೂಟೂತ್ 4.0 ಆವೃತ್ತಿಯ ಮೂಲಕ ಕಡಿಮೆ ವಿದ್ಯುತ್ ಬಳಸುವ ಬಗೆಯೊಂದು ಸೇರಿತು. ಕೈಗಡಿಯಾರ, ಇಯರ್‌ಫೋನ್, ಫೋನುಗಳು ಈ ಬಗೆಯಲ್ಲಿ ತಮ್ಮ ವಿಳಾಸವನ್ನು ಬೇಕೆಂದೇ ಮರೆಮಾಚಿ, ಸಾಮಾನ್ಯವಾಗಿ ಹದಿನೈದು ನಿಮಿಷಕ್ಕೊಮ್ಮೆ ಹೊಸ ತಾತ್ಕಾಲಿಕ ಸಂಖ್ಯೆಯನ್ನು ಹೊರಹಾಕುತ್ತವೆ. ದಾರಿಹೋಕರ ಚಲನವಲನವನ್ನು ಯಾರೂ ಬೆನ್ನಟ್ಟಬಾರದೆಂಬ ಒಳ್ಳೆಯ ಉದ್ದೇಶವೇ ಇದಕ್ಕೆ ಕಾರಣ. ಸಂತೆಯ ದಿನ ಸುತ್ತಲಿನ ಉಪಕರಣಗಳನ್ನು ಹುಡುಕುವ ತಂತ್ರಾಂಶ ತೆರೆದರೆ ಹತ್ತಾರು ಅಪರಿಚಿತ ಸಂಖ್ಯೆಗಳು ಕಂಡು ಮರೆಯಾಗುವುದು ಇದರಿಂದಲೇ. ಅವು ರಸ್ತೆಯಲ್ಲಿ ಹಾದುಹೋದವರ ನೆರಳು. ಅಂಗಡಿಯ ಲೆಕ್ಕಕ್ಕೆ ಸಂಬಂಧಿಸಿದವಲ್ಲ. ಕಂಡದ್ದು ಬೇರೆ, ಜೋಡಣೆಯಾದದ್ದು ಬೇರೆ. ವಿಚಾರಣೆ ಬೇಕಾದದ್ದು ಜೋಡಣೆಯಾದವುಗಳಿಗೆ.

ಕಿರ್ದಿ ಎಲ್ಲಿದೆ, ಖತಾವಣಿ ಎಲ್ಲಿದೆ

ವಿಂಡೋಸ್ ಗಣಕಯಂತ್ರವು ಬ್ಲೂಟೂತ್ ವಿಷಯವನ್ನು ಒಂದೇ ಪುಸ್ತಕದಲ್ಲಿ ಬರೆಯುವುದಿಲ್ಲ. ದಿನದಿನದ ಘಟನೆಗಳನ್ನು ಬರೆಯುವ ಕಿರ್ದಿ ಒಂದು, ಉಪಕರಣಕ್ಕೊಂದು ಪುಟ ತೆರೆದ ಖತಾವಣಿ ಇನ್ನೊಂದು. ಎರಡನ್ನೂ ನೋಡಿದರೇನೇ ಚಿತ್ರ ಪೂರ್ತಿಯಾಗುತ್ತದೆ.

ಖತಾವಣಿಯ ಸ್ಥಾನದಲ್ಲಿರುವುದು ಡಿವೈಸ್ ಮ್ಯಾನೇಜರ್. ಅದರ 'ವ್ಯೂ' ಪಟ್ಟಿಯಲ್ಲಿ 'ಶೋ ಹಿಡನ್ ಡಿವೈಸಸ್' ಎಂಬುದನ್ನು ಒತ್ತಿದರೆ ಈಗ ಜೋಡಣೆಯಲ್ಲಿ ಇಲ್ಲದ ಹಳೆಯ ಉಪಕರಣಗಳೂ ಮಸುಕಾಗಿ ಕಾಣಿಸಿಕೊಳ್ಳುತ್ತವೆ. ಯಾವುದಾದರೂ ಒಂದರ 'ಪ್ರಾಪರ್ಟೀಸ್' ತೆರೆದು, 'ಡೀಟೇಲ್ಸ್' ಪುಟದಲ್ಲಿ 'ಡಿವೈಸ್ ಇನ್‌ಸ್ಟನ್ಸ್ ಪಾತ್' ಆರಿಸಿದರೆ ಉದ್ದನೆಯ ಒಂದು ಸಾಲು ಬರುತ್ತದೆ. ಅದರಲ್ಲಿ 'ಡೆವ್' ಎಂಬ ಮೂರಕ್ಷರದ ಮುಂದೆ ಇರುವ 12 ಸ್ಥಾನಗಳೇ ವಿಳಾಸ ಸಂಖ್ಯೆ. ಅದೇ ಕಿಟಕಿಯ 'ಇವೆಂಟ್ಸ್' ಪುಟದಲ್ಲಿ ಆ ಉಪಕರಣವು ಯಂತ್ರದಲ್ಲಿ ಸ್ಥಾಪಿತವಾದ ದಿನಾಂಕ ಮತ್ತು ವೇಳೆ ಸಿಗುತ್ತದೆ.

ಕಿರ್ದಿಯೆಂದರೆ ಇವೆಂಟ್ ವ್ಯೂವರ್. ಅಲ್ಲಿನ 'ಸಿಸ್ಟಮ್' ಲಾಗ್‌ನಲ್ಲಿ ಬ್ಲೂಟೂತ್ ಚಾಲಕ ತಂತ್ರಾಂಶವು 'ಬಿಟಿಎಚ್‌ಯುಎಸ್‌ಬಿ' ಎಂಬ ಹೆಸರಿನಲ್ಲಿ ನಮೂದು ಬರೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿ. 17 ಸಂಖ್ಯೆಯ ನಮೂದು ಯಂತ್ರದೊಳಗಿನ ಬ್ಲೂಟೂತ್ ಘಟಕ ಕೆಟ್ಟು ನಿಂತದ್ದನ್ನು ಹೇಳುತ್ತದೆ. 18ರ ನಮೂದು ಗುಪ್ತ ಕೀಲಿಗಳನ್ನು ಆ ಘಟಕದಲ್ಲಿ ಉಳಿಸಲಾಗದೆಂದು ಹೇಳುತ್ತದೆ, ಅಷ್ಟೆ. ಅದರ ಮಾತು ಓದಿ ಗಾಬರಿಯಾಗುವವರು ಬಹಳ, ಗಾಬರಿಗೆ ಕಾರಣವಿಲ್ಲ. ಲೆಕ್ಕಕ್ಕೆ ಬೇಕಾದದ್ದು 16ರ ನಮೂದು: ಇಂಥ ವಿಳಾಸದ ಉಪಕರಣದೊಡನೆ ಪರಸ್ಪರ ದೃಢೀಕರಣ ವಿಫಲವಾಯಿತು ಎಂದು ಅದು ವಿಳಾಸ ಸಂಖ್ಯೆಯ ಸಮೇತ ಬರೆಯುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದು ಹಿಂದೊಮ್ಮೆ ಜೋಡಣೆಯಾಗಿ, ಆಮೇಲೆ ಒಂದು ಕಡೆಯಿಂದ ಮಾತ್ರ ತೆಗೆದುಹಾಕಲ್ಪಟ್ಟ ಉಪಕರಣವು ಹಳೆಯ ಕೀಲಿ ಹಿಡಿದು ಬಾಗಿಲು ತಟ್ಟಿದ್ದರ ಗುರುತು.

ಇವೆಂಟ್ ವ್ಯೂವರ್‌ನಲ್ಲೇ 'ಕರ್ನಲ್-ಪಿಎನ್‌ಪಿ' ಎಂಬ ವಿಭಾಗದ 'ಕಾನ್ಫಿಗರೇಶನ್' ಲಾಗ್ ಇದೆ. ಅಲ್ಲಿ 400 ಎಂದರೆ ಉಪಕರಣ ಅಣಿಯಾಯಿತು, 410 ಎಂದರೆ ಚಾಲೂ ಆಯಿತು, 420 ಎಂದರೆ ಅಳಿಸಲಾಯಿತು. ಇವೆಲ್ಲಕ್ಕಿಂತ ಹಳೆಯದನ್ನು ಹೇಳುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ 'ಐಎನ್‌ಎಫ್' ಎಂಬ ಫೋಲ್ಡರಿನಲ್ಲಿರುವ 'ಸೆಟಪ್ಎಪಿಐ.ಡೆವ್.ಲಾಗ್' ಕಡತ. ನೋಟ್‌ಪ್ಯಾಡಿನಲ್ಲಿಯೇ ಅದನ್ನು ತೆರೆಯಬಹುದು. ಉಪಕರಣವನ್ನು ಸ್ಥಾಪಿಸುವಾಗಿನ ದಿನಾಂಕ ಮತ್ತು ವೇಳೆ ಅದರಲ್ಲಿ ಇರುತ್ತವೆ.

ದಿನಾಂಕಗಳ ವಿಷಯದಲ್ಲಿ ಎರಡು ಎಚ್ಚರಿಕೆ ಅಗತ್ಯ. ವಿಂಡೋಸಿನ ದೊಡ್ಡ ನವೀಕರಣವಾದಾಗ ಹಳೆಯ ಉಪಕರಣಗಳೆಲ್ಲ ಮತ್ತೊಮ್ಮೆ ಸ್ಥಾಪಿತವಾದಂತೆ, ಒಂದೇ ಗಳಿಗೆಯ ದಿನಾಂಕದೊಡನೆ ಕಾಣಬಹುದು. ಎರಡನೆಯದಾಗಿ, ಒಳಗಿನ ಚಿಕ್ಕ ಬ್ಯಾಟರಿ ಸೋತ ಹಳೆಯ ಯಂತ್ರಗಳು ಕರೆಂಟು ಹೋಗಿ ಬಂದಾಗಲೆಲ್ಲ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತವೆ. ಗಡಿಯಾರ ತಪ್ಪಿದ ಯಂತ್ರದ ಲಾಗ್ ತಾರೀಖು ಹಾಕದ ಪಾವತಿಯಂತೆ, ಅದರಿಂದ ಏನನ್ನೂ ಸಿದ್ಧಪಡಿಸಲಾಗದು.

ಸರಕಿನ ಹೆಸರಲ್ಲ, ಸರಕಿನ ಸಂಖ್ಯೆ

ಬಿಲ್ಲಿನಲ್ಲಿ ಸರಕಿಗೆ ಯಾವ ಹೆಸರು ಕೊಟ್ಟಿದ್ದರೂ ಎಚ್‌ಎಸ್‌ಎನ್ ಸಂಖ್ಯೆ ನೋಡಿ ಅದೇನೆಂದು ತಿಳಿಯುವ ಅಭ್ಯಾಸ ವರ್ತಕರಿಗಿದೆ. ಬ್ಲೂಟೂತ್‌ನಲ್ಲಿಯೂ ಉಪಕರಣವು ಮಾಡಬಲ್ಲ ಪ್ರತಿಯೊಂದು ಕೆಲಸಕ್ಕೆ, ಎಂದರೆ 'ಸೇವೆ'ಗೆ, ಒಂದು ನಿಗದಿತ ಸಂಖ್ಯೆ ಇದೆ. ಡಿವೈಸ್ ಮ್ಯಾನೇಜರಿನಲ್ಲಿಯೂ ಸ್ಥಾಪನೆಯ ಲಾಗ್‌ನಲ್ಲಿಯೂ ಆವರಣ ಚಿಹ್ನೆಯೊಳಗೆ ಎಂಟು ಸ್ಥಾನಗಳ ಗುಂಪೊಂದು ಕಾಣುತ್ತದೆ. ಅದರ ಕೊನೆಯ ನಾಲ್ಕನ್ನು ಓದಿದರೆ ಸಾಕು. ಅದೇ ಸಾಲಿನ ಕೊನೆಯ ಭಾಗದಲ್ಲಿ ಉಪಕರಣದ ವಿಳಾಸವೂ ಇರುವುದರಿಂದ ಯಾವ ಸೇವೆ ಯಾರದೆಂದು ಹೊಂದಿಸಲು ಕಷ್ಟವಾಗದು.

110ಬಿ ಎಂದರೆ ಧ್ವನಿ ಕೇಳಿಸುವ ಸ್ಪೀಕರ್ ಅಥವಾ ಇಯರ್‌ಫೋನ್. 111ಇ ಎಂದರೆ ಕರೆ ಮಾತಾಡುವ ಹೆಡ್‌ಸೆಟ್. ಇವುಗಳಿಂದ ಲೆಕ್ಕದ ಕಡತಗಳಿಗೆ ಅಪಾಯ ಕಡಿಮೆ. 110ಎ ಮತ್ತು 111ಎಫ್ ಎರಡೂ ಒಂದೇ ವಿಳಾಸದಲ್ಲಿ ಕಂಡರೆ ಆಚೆ ಇರುವುದು ಬಹುಮಟ್ಟಿಗೆ ಫೋನ್. 1105 ಎಂಬುದು ಕಡತ ಕಳಿಸುವ ಸೇವೆ, 1116 ಎಂಬುದು ಜಾಲ ಸಂಪರ್ಕ ಒದಗಿಸುವ ಸೇವೆ. 1101 ಎಂಬುದು ಸರಣಿ ಪೋರ್ಟ್. ಥರ್ಮಲ್ ಪ್ರಿಂಟರ್, ಬಾರ್‌ಕೋಡ್ ಓದುವ ಯಂತ್ರ, ತೂಕದ ಕಾಟಾ ಇತ್ಯಾದಿ ಉದ್ದಿಮೆಯ ಸಾಮಾನುಗಳು ಇಲ್ಲಿ ಬರುತ್ತವೆ. 1124 ಎಂದರೆ ಕೀಬೋರ್ಡ್, ಮೌಸ್ ವರ್ಗ. ಕಡಿಮೆ ವಿದ್ಯುತ್ ಬಗೆಯಲ್ಲಿ ಅದೇ ವರ್ಗಕ್ಕೆ 1812.

ಜನರು ಅಂಜುವುದು 1105ಕ್ಕೆ, ಕಡತ ಹೋಯಿತೆಂದು. ಅಂಜಬೇಕಾದದ್ದು 1124ಕ್ಕೆ. ಬ್ಲೂಟೂತ್‌ನ ಕಡತ ಸಾಗಾಟ ಬಹಳ ನಿಧಾನ. ಲೆಕ್ಕದ ಕಡತ ಕದಿಯಬೇಕೆಂದವನಿಗೆ ಪೆನ್‌ಡ್ರೈವ್ ಇದೆ, ಇಮೇಲ್ ಇದೆ. ಕೀಬೋರ್ಡಿನ ಮಾತು ಬೇರೆ. ಅದು ಜೋಡಣೆಯಾದರೆ ಯಂತ್ರದ ಮುಂದೆ ಕುಳಿತವನ ಕೈಯೇ ಅದು. ಆಚೆಯ ಕೋಣೆಯಿಂದ ಒತ್ತಿದ ಗುಂಡಿಗಳನ್ನು ಯಂತ್ರವು ಗುಮಾಸ್ತರೇ ಒತ್ತಿದರೆಂದು ತಿಳಿಯುತ್ತದೆ, ವೋಚರಿನ ಮೇಲೆ ಅವರದೇ ಬಳಕೆದಾರ ಹೆಸರು ಬೀಳುತ್ತದೆ. ಮಾರ್ಕ್ ನ್ಯೂಲಿನ್ ಎಂಬ ಸಂಶೋಧಕರು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದೋಷವು ಇದೇ ಜಾಡಿನದು: ಆಂಡ್ರಾಯ್ಡ್, ಲಿನಕ್ಸ್, ಮ್ಯಾಕ್ ವ್ಯವಸ್ಥೆಗಳಲ್ಲಿ ಬಳಕೆದಾರರ ಒಪ್ಪಿಗೆಯಿಲ್ಲದೆಯೇ ಹುಸಿ ಕೀಬೋರ್ಡೊಂದನ್ನು ಜೋಡಿಸಲು ಸಾಧ್ಯವಿತ್ತು. ಅದಕ್ಕೂ ಮುನ್ನ 2017ರ ಸೆಪ್ಟೆಂಬರ್‌ನಲ್ಲಿ ಆರ್ಮಿಸ್ ಸಂಸ್ಥೆ ಬಯಲು ಮಾಡಿದ 'ಬ್ಲೂಬೋರ್ನ್' ದೋಷಗಳು ಬ್ಲೂಟೂತ್ ಚಾಲೂ ಇದ್ದರೆ ಸಾಕು, ಜೋಡಣೆಯೇ ಬೇಡ ಎಂಬಷ್ಟು ಕೆಟ್ಟವಾಗಿದ್ದವು. ತಯಾರಕರು ಇವಕ್ಕೆ ತಿದ್ದುಪಡಿಗಳನ್ನು ಕೊಟ್ಟಿದ್ದಾರೆ. ಆದರೆ ತಿದ್ದುಪಡಿ ತಲುಪುವುದು ನವೀಕರಣ ನಡೆಯುವ ಯಂತ್ರಗಳಿಗೆ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಹಳೆಯ ಯಂತ್ರ ಬಳಸುವವರು ಗಮನಿಸಬೇಕು.

ಮೂರು ನಮೂದುಗಳ ವಿಚಾರಣೆ

ಹೊಳೆಮಣ್ಣೂರಿನ ಆ ಅಂಗಡಿಗೆ ಮರಳಬಹುದು. ಮಗಳು ಮೊದಲು ಮಾಡಿದ ಕೆಲಸ ಒಂದು ಉದ್ದಪುಸ್ತಕದಲ್ಲಿ ಅಂಗಡಿಯ ಮತ್ತು ಅಂಗಡಿಗೆ ಬರುವವರ ಎಲ್ಲ ಬ್ಲೂಟೂತ್ ಉಪಕರಣಗಳ ವಿಳಾಸ ಬರೆದದ್ದು. ಆಂಡ್ರಾಯ್ಡ್ ಫೋನಿನಲ್ಲಿ ಬ್ಲೂಟೂತ್ ಚಾಲೂ ಇಟ್ಟು 'ಅಬೌಟ್ ಫೋನ್' ವಿಭಾಗದಲ್ಲಿ ನೋಡಿದರೆ ವಿಳಾಸ ಸಿಗುತ್ತದೆ. ಐಫೋನಿನಲ್ಲಿ 'ಜನರಲ್' ಒಳಗಿನ 'ಅಬೌಟ್'ನಲ್ಲಿ. ಎಲ್ಲರದೂ ಬರೆಯಬೇಕು, ಮಾಲೀಕರದು ಮೊದಲು. ಒಬ್ಬರದನ್ನೇ ಕೇಳಿದರೆ ಅದು ವಿಚಾರಣೆಯಲ್ಲ, ಆರೋಪ.

'ಎಚ್‌ಸಿ-05' ಬೇಗ ಬಗೆಹರಿಯಿತು. ಅದರ ಸೇವೆ 1101, ಸ್ಥಾಪನೆಯಾದದ್ದು 2023ರ ಅಕ್ಟೋಬರ್‌ನಲ್ಲಿ. ಆ ತಿಂಗಳ ಖರ್ಚಿನ ವೋಚರುಗಳನ್ನು ತಿರುವಿದಾಗ ತೂಕದ ಕಾಟಾದ ದುರಸ್ತಿಗೆ ಕೊಟ್ಟ ಹಣದ ರಸೀದಿ ಸಿಕ್ಕಿತು. ತಾರೀಖು ಲಾಗ್‌ನ ತಾರೀಖಿಗೆ ತಾಳೆಯಾಯಿತು. ಎಚ್‌ಸಿ-05 ಎಂಬುದು ಬೆರಳುದ್ದದ ಒಂದು ಅಗ್ಗದ ಬ್ಲೂಟೂತ್ ಬಿಡಿಭಾಗ. ತೂಕವು ತಾನಾಗಿಯೇ ಬಿಲ್ಲಿಗೆ ಬಂದು ಕೂಡುವಂತೆ ದುರಸ್ತಿಗಾರರು ಅದನ್ನು ಕಾಟಾದೊಳಗೆ ಕೂಡಿಸಿ, ಕಾರ್ಖಾನೆಯ ಹೆಸರನ್ನು ಹಾಗೆಯೇ ಬಿಟ್ಟಿದ್ದರು. ಬಿಲ್ಲಿನ ತಂತ್ರಾಂಶದಲ್ಲಿ ಬರೆದಿದ್ದ ಪೋರ್ಟ್ ಸಂಖ್ಯೆಯೂ ಇದರದೇ ಆಗಿತ್ತು. ಆದರೂ ಎರಡು ಕೆಲಸ ಉಳಿದವು. ಈ ಬಿಡಿಭಾಗದ ಗುಪ್ತ ಸಂಖ್ಯೆ ಸಾಮಾನ್ಯವಾಗಿ 1234 ಎಂದೇ ಇರುತ್ತದೆ, ಅದನ್ನು ಬದಲಾಯಿಸತಕ್ಕದ್ದು. ಹಾಗೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ ಕಾಟಾವನ್ನು ಬಿಚ್ಚಿದ್ದರೆ ಮರುಪರಿಶೀಲನೆ ಮಾಡಿಸಿಕೊಳ್ಳತಕ್ಕದ್ದು. ಬ್ಲೂಟೂತ್ ಹುಡುಕಲು ಹೋದ ವರ್ತಕರಿಗೆ ಇಂಥ ಬೇರೆ ಬಾಕಿಗಳು ಸಿಗುವುದು ಅಪರೂಪವೇನಲ್ಲ.

'ರೆಡ್ಮಿ'ಯ ವಿಷಯದಲ್ಲಿ ಗುಮಾಸ್ತರ ಫೋನಿನ ವಿಳಾಸವನ್ನು ಲಾಗ್‌ನ ವಿಳಾಸದ ಕೆಳಗೆ ಬರೆದು ನೋಡಲಾಯಿತು. ಮೊದಲ ಜೋಡಿಯಲ್ಲಿಯೇ ವ್ಯತ್ಯಾಸವಿತ್ತು. ಅಷ್ಟಕ್ಕೇ ಮಾಲೀಕರ ಸಂಶಯ ಹೋಗಲಿಲ್ಲ. ಅವರ ಬಳಿ ಹಿಂದೆ ಬೇರೆ ಫೋನ್ ಇದ್ದಿರಬಹುದಲ್ಲ ಎಂದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಸ್ಥಾಪನೆಯ ಲಾಗ್‌ನಲ್ಲಿ ಸಿಕ್ಕಿತು: ಆ ಫೋನ್ ಈ ಯಂತ್ರಕ್ಕೆ ಜೋಡಣೆಯಾದದ್ದು 2021ರ ಮಾರ್ಚ್‌ನಲ್ಲಿ. ಯಂತ್ರವು ಹುಬ್ಬಳ್ಳಿಯಿಂದ ಅಂಗಡಿಗೆ ಬಂದ ಖರೀದಿ ಬಿಲ್ಲಿನ ತಾರೀಖು 2022ರ ಜೂನ್. ಆ ಫೋನ್ ಯಂತ್ರದ ಹಿಂದಿನ ಒಡೆಯರದು. ಮಾರಿದವರು ವಿಂಡೋಸನ್ನು ಹೊಸದಾಗಿ ಹಾಕದೆ ಕೊಟ್ಟಿದ್ದರು, ಕೊಂಡವರು ಕೇಳಿರಲಿಲ್ಲ. ಮೂರು ವರ್ಷದ ಹಿಂದಿನ ಆ ಬಿಲ್ಲನ್ನು ಕಡತದಲ್ಲಿ ಹಚ್ಚಿಟ್ಟವರು ಗುಮಾಸ್ತರೇ. ಮಾಲೀಕರು ಬಿಲ್ಲನ್ನು ಎರಡು ಸಲ ಓದಿ, ಚಹಾ ತರಿಸಿದರು.

ಮೂರನೆಯದು ಬಗೆಹರಿಯಲಿಲ್ಲ. 'ಬ್ಲೂಟೂತ್ ಕೀಬೋರ್ಡ್', ಸೇವೆ 1124, ಸ್ಥಾಪನೆ 2025ರ ಜನವರಿಯ ಒಂದು ಸಂಜೆ 7 ಗಂಟೆ 52 ನಿಮಿಷಕ್ಕೆ. ಅಂಗಡಿಯಲ್ಲಿ ಅಂಥ ಕೀಬೋರ್ಡನ್ನು ಎಂದೂ ಕೊಂಡಿಲ್ಲ. ಅದೇ ದಿನ ಮಧ್ಯಾಹ್ನ ಇಂಟರ್‌ನೆಟ್ ಸರಿಪಡಿಸಲು ಒಬ್ಬರು ಬಂದಿದ್ದರೆಂದು ನೆನಪು, ಆದರೆ ಸಂಜೆ ಯಾರಿದ್ದರೆಂದು ನೆನಪಿಲ್ಲ. ಯಾವ ಕಡತ ತೆರೆಯಲಾಯಿತು, ಏನು ಬರೆಯಲಾಯಿತು ಎಂಬುದನ್ನು ಬ್ಲೂಟೂತ್‌ನ ಲಾಗ್ ಹೇಳುವುದಿಲ್ಲ. ಅದನ್ನು ಹೇಳಬಹುದಾಗಿದ್ದದ್ದು ಲೆಕ್ಕದ ತಂತ್ರಾಂಶದ ತಿದ್ದುಪಡಿ ಜಾಡು, ಅಂದರೆ ಎಡಿಟ್ ಲಾಗ್. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಇದು ಕಡ್ಡಾಯ. ಪಾಲುದಾರಿಕೆ ಸಂಸ್ಥೆಗೆ ಕಡ್ಡಾಯವಲ್ಲವೆಂದು ಈ ಅಂಗಡಿಯಲ್ಲಿ ಅದನ್ನು ಚಾಲೂ ಮಾಡಿರಲಿಲ್ಲ. ಕಡ್ಡಾಯವಲ್ಲದ್ದು ಬೇಡವೆಂಬ ಲೆಕ್ಕಾಚಾರ ಎಷ್ಟೋ ಅಂಗಡಿಗಳದು. ಆ ದಿನದ ನಗದು ಪುಸ್ತಕ, ಬ್ಯಾಂಕಿನ ಹೇಳಿಕೆ, ಖರೀದಿ ಪಟ್ಟಿಗಳನ್ನು ಕೈಯಿಂದಲೇ ತಾಳೆ ನೋಡಿದರು. ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಸಿಗಲಿಲ್ಲವೆಂದರೆ ವ್ಯತ್ಯಾಸ ಇಲ್ಲವೆಂದಲ್ಲ. ಆದ್ದರಿಂದ ನಮೂದು ಅನಾಮತ್ತಿನಲ್ಲಿಯೇ ಉಳಿಯಿತು.

ಅಳಿಸುವ ಮುನ್ನ

ಇಂಥ ನಮೂದು ಕಂಡಾಗ ಬಹಳಷ್ಟು ಜನರ ಬೆರಳು ಮೊದಲು ಹೋಗುವುದು 'ರಿಮೂವ್ ಡಿವೈಸ್' ಗುಂಡಿಯ ಮೇಲೆ. ಅದನ್ನು ಒತ್ತಿದೊಡನೆ ಖತಾವಣಿಯ ಪುಟ ಹರಿದುಹೋಗುತ್ತದೆ. ಪೆನ್ಸಿಲಿನಿಂದ ಬರೆದ ಲೆಕ್ಕವನ್ನು ರಬ್ಬರಿನಿಂದ ತಿದ್ದಿದ ಗುಮಾಸ್ತರನ್ನು ಕ್ಷಮಿಸದ ಮಾಲೀಕರು, ತಮ್ಮ ಯಂತ್ರದ ಲೆಕ್ಕವನ್ನು ತಾವೇ ಹಾಗೆ ಅಳಿಸುತ್ತಾರೆ. ಮೊದಲು ಪರದೆಯ ಚಿತ್ರ ತೆಗೆಯಬೇಕು. ಇವೆಂಟ್ ವ್ಯೂವರ್‌ನಲ್ಲಿ 'ಸೇವ್ ಆಲ್ ಇವೆಂಟ್ಸ್ ಆಸ್' ಮೂಲಕ ಎರಡೂ ಲಾಗ್‌ಗಳನ್ನು ಉಳಿಸಬೇಕು. ಸ್ಥಾಪನೆಯ ಲಾಗ್ ಕಡತವನ್ನು ನಕಲು ಮಾಡಬೇಕು. ಸಿಸ್ಟಮ್ ಲಾಗ್‌ಗೆ ವಿಂಡೋಸ್ ಸಾಮಾನ್ಯವಾಗಿ 20 ಎಂಬಿ ಜಾಗ ಮಾತ್ರ ಕೊಟ್ಟಿರುತ್ತದೆ. ಅದು ತುಂಬಿದ ಮೇಲೆ ಹೊಸದು ಬರೆಯಲು ಹಳೆಯದನ್ನು ಅದೇ ಅಳಿಸುತ್ತ ಹೋಗುತ್ತದೆ. ಜಾಗವನ್ನು ಹೆಚ್ಚಿಸಲು ಅದೇ ಲಾಗ್‌ನ ಪ್ರಾಪರ್ಟೀಸ್‌ನಲ್ಲಿ ಅವಕಾಶವಿದೆ.

ನಕಲು ಯಂತ್ರದ ಪಕ್ಕದ ಕಪಾಟಿನಲ್ಲಿರಬಾರದು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ನೆರೆ ಕಂಡ ದಂಡೆಯ ಊರುಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಷಯ ಪೊಲೀಸರವರೆಗೆ ಅಥವಾ ನ್ಯಾಯಾಲಯದವರೆಗೆ ಹೋಗಬಹುದೆಂದು ಕಂಡರೆ ನಕಲಿನ ಜೊತೆ ಅದರ 'ಹ್ಯಾಶ್' ಮೌಲ್ಯವನ್ನೂ ಬರೆದಿಡುವುದು ಒಳ್ಳೆಯದು. ಹ್ಯಾಶ್ ಎಂದರೆ ಕಡತದ ಒಂದಕ್ಷರ ಬದಲಾದರೂ ತಾನೂ ಪೂರ್ತಿ ಬದಲಾಗುವ ಮೊಹರು. ವಿಂಡೋಸಿನಲ್ಲಿಯೇ ಇರುವ 'ಸರ್ಟ್‌ಯುಟಿಲ್' ಎಂಬ ಉಪಕರಣ ಅದನ್ನು ಲೆಕ್ಕ ಹಾಕಿ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯೊಡನೆ ಪ್ರಮಾಣಪತ್ರ ಬೇಕು. ಅದರ ಮೊದಲ ಭಾಗವನ್ನು ದಾಖಲೆ ಹಾಜರುಪಡಿಸುವವರು, ಎರಡನೆಯ ಭಾಗವನ್ನು ತಜ್ಞರು ತುಂಬಬೇಕು. ಹ್ಯಾಶ್ ಮೌಲ್ಯವನ್ನು ಅದರಲ್ಲಿ ನಮೂದಿಸಬೇಕು. ಹಿಂದಿನ ಕಾಯಿದೆಯ 65ಬಿ ಕಲಮಿನ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈ 14ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ಮರಿಸಬಹುದು.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನಗಳು ತಮ್ಮ ವ್ಯಾಪ್ತಿಗೆ ಬರುವ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕೆಂದೂ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳುತ್ತವೆ. ತಮಗೆ ಅನ್ವಯವಾಗುವುದೋ ಇಲ್ಲವೋ ಎಂಬುದನ್ನು ಉದ್ದಿಮೆದಾರರು ತಮ್ಮ ಲೆಕ್ಕ ಪರಿಶೋಧಕರಲ್ಲಿ ಕೇಳಿ ತಿಳಿಯತಕ್ಕದ್ದು. ಹಣ ಹೋದದ್ದು ಖಚಿತವಾದರೆ ಕಾಯದೆ 1930 ಸಂಖ್ಯೆಗೆ ಕರೆ ಮಾಡಬೇಕು. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು.

ಕಲ್ಪಿತ ಅಂಗಡಿಯಲ್ಲಿ ನಕಲುಗಳನ್ನು ತೆಗೆದಾದ ಮೇಲೆ ಮೂರನೆಯ ನಮೂದನ್ನು ಪಟ್ಟಿಯಿಂದ ತೆಗೆಯಲಾಯಿತು. ಲೆಕ್ಕದ ತಂತ್ರಾಂಶದ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಬದಲಾಯಿಸಿ, ಎಡಿಟ್ ಲಾಗ್ ಚಾಲೂ ಮಾಡಲಾಯಿತು. ಯಂತ್ರದ ಬ್ಲೂಟೂತ್ ಅನ್ನು ಅಂಗಡಿ ಮುಚ್ಚುವಾಗ ಆರಿಸುವ ಕೆಲಸ ಗುಮಾಸ್ತರ ಪಾಲಿಗೆ ಬಂತು. ಅದರ ಜೊತೆಗೆ ಇನ್ನೊಂದು ಕೆಲಸವನ್ನು ಅವರೇ ಕೇಳಿ ವಹಿಸಿಕೊಂಡರು. ಯಂತ್ರದ ಕಡೆಯಿಂದ ಜೋಡಣೆ ತೆಗೆದುಹಾಕಿದ್ದು ಆ ಕೀಬೋರ್ಡಿಗೆ ಗೊತ್ತಿರುವುದಿಲ್ಲ. ಹಳೆಯ ಕೀಲಿ ಅದರಲ್ಲಿ ಹಾಗೆಯೇ ಇರುತ್ತದೆ. ಅದು ಮತ್ತೆ ಅಂಗಡಿಯ ಸಮೀಪ ಬಂದು ಚಾಲೂ ಆದರೆ ಯಂತ್ರವನ್ನು ಸೇರಲು ಯತ್ನಿಸಬಹುದು. ಆಗ ದೃಢೀಕರಣ ವಿಫಲವಾಗಿ, ಸಿಸ್ಟಮ್ ಲಾಗ್‌ನಲ್ಲಿ ಅದರ ವಿಳಾಸ ಮತ್ತು ವೇಳೆಯೊಡನೆ 16ರ ನಮೂದು ಬೀಳುವ ಸಾಧ್ಯತೆ ಇದೆ. ಆ 12 ಸ್ಥಾನಗಳನ್ನು ಗುಮಾಸ್ತರು ಉದ್ದಪುಸ್ತಕದ ಅನಾಮತ್ತು ಪುಟದಲ್ಲಿ ಬರೆದುಕೊಂಡಿದ್ದಾರೆ. ದಿನವೂ ಸಂಜೆ ನಗದು ಎಣಿಸಿ ಮುಗಿದ ಮೇಲೆ ಲಾಗ್ ತೆರೆದು 16ರ ನಮೂದುಗಳನ್ನು ಓದಿ, ಇಲ್ಲದಿದ್ದರೆ 'ಇಲ್ಲ' ಎಂದು ತಾರೀಖಿನ ಮುಂದೆ ಬರೆದು ಸಹಿ ಮಾಡುತ್ತಾರೆ.